ಸೊಪ್ಪು ತರಿಯುವ ಹಲ್ಲು

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ನಮ್ಮ ಬಿಳಿಕೆರೆಯ ಗಾಳಿಗೇ ಸೊಗಡು ಹತ್ತಿಕೊಳ್ಳುತ್ತಿತ್ತು. ನೀವೂ ಅವರೆ ಹಿತುಕಿದವರಾದರೆ ಆ ವಾಸನೆ ಈಗಲೂ ಬೆರಳಲ್ಲಿರಬೇಕು. ಐವತ್ತರ ದಶಕದ ಕೊನೆ; ನಾನು ಎಂಟೋ ಒಂಬತ್ತೋ ವರ್ಷದ ಹುಡುಗಿ. ಅಜ್ಜಿಯೂ ನಾನೂ ಜಗಲಿಯಲ್ಲಿ ಅವರೆ ಹಿತುಕುತ್ತಿದ್ದಾಗ ಮೈಸೂರಿನ ಬಸ್ಸಿಳಿದು ಚಿಕ್ಕಪ್ಪ ಬಂದ.

ಗೋದಾವರಿ ಸೀಮೆಯಲ್ಲಿ ಕಲ್ಲುಬಂಡೆ ಪರೀಕ್ಷಿಸುವ ಸಾಹೇಬರ ಬಿಡಾರದಲ್ಲಿ ಅವನು ಅಡುಗೆಯವನು. ಟವಲಿನಲ್ಲಿ ಸುತ್ತಿದ್ದ ಕೆಂಪು ಮಣ್ಣಿನ ಉಂಡೆಯೊಂದನ್ನು ನನ್ನ ಮುಂದಿಟ್ಟ. ಅದರೊಳಗಿಂದ ಮೂಳೆಯ ಚೂರೊಂದು ಇಣುಕುತ್ತಿತ್ತು.

"ಕಲ್ಲಾಗಿರೋ ಮೂಳೆ ಕಣವ್ವ. ಮನುಷ್ಯರು ಹುಟ್ಟೋಕೆ ಕೋಟಿಗಟ್ಟಲೆ ವರ್ಸ ಮುಂಚೆ ಇದ್ದ ಪ್ರಾಣೀದು. ಉದ್ದ ಕತ್ತು, ಉದ್ದ ಬಾಲ. ಆಮ್ಯಾಕೆ ಬಂದ್ವಲ್ಲ ಆನೆ ಮೀರಿಸೋ ದೈತ್ಯಗಳು, ಅವಕ್ಕೆಲ್ಲ ಇದೇ ಹಿರೀಕ ಅಂತಾರೆ. ಈ ಉಂಡೆ ಬ್ಯಾಡ ಅಂತ ಬಿಸಾಕಿದ್ರು, ನಿಂಗೇ ಅಂತ ತಂದೆ."

ನನ್ನ ಸ್ಲೇಟಿಡುವ ಗೂಡಿನಲ್ಲಿ ಅದನ್ನು ಇಟ್ಟುಕೊಳ್ಳಬೇಕೆಂದು ಎತ್ತಿಕೊಂಡು ಒಳಗೆ ಹೊರಟೆ. ಅಜ್ಜಿ ಹೊಸಿಲಿಗೆ ಅಡ್ಡ ಕಾಲು ಚಾಚಿದಳು.

"ಮೂಳೇನ ಲಿಂಗಪೂಜೆ ಮಾಡೋ ಮನೆಯೊಳಕ್ಕೆ ತತ್ತೀಯಾ?" ಎಂದು ನನ್ನನ್ನು ಗದರಿ ಚಿಕ್ಕಪ್ಪನ ಕಡೆ ತಿರುಗಿದಳು. "ಲೋ, ಅದು ಏನ್ಲಾ ತಿಂತಿತ್ತು? ಮಾಂಸವಾ?"

"ಅದೇ ಗೊತ್ತಿಲ್ಲ ಕಣವ್ವ. ಸಾಹೇಬ್ರುಗಳೇ ಕಿತ್ತಾಡ್ತಾವ್ರೆ. ತಲೆ ಸಿಕ್ಕಿಲ್ಲ, ಬಾಯಿ ಸಿಕ್ಕಿಲ್ಲ. ಒಬ್ರು ಮಾಂಸ ತಿನ್ನೋ ಜಾತಿಗೆ ಸೇರಿಸ್ತಾರೆ, ಇನ್ನೊಬ್ರು ಸೊಪ್ಪು ತಿನ್ನೋ ಜಾತಿಗೆ."

"ಅವ್ರು ತೀರ್ಮಾನ ಮಾಡೋಗಂಟ ಹೊರಗೇ ಇರ್ಲಿ."

ನಾನು ಅಂಗಳದಲ್ಲಿ ಕೂತು ರಂಪ ಮಾಡಿ ಅತ್ತೆ. ಅಜ್ಜಿಯ ಮನಸ್ಸು ಇಷ್ಟೇ ಕರಗಿತು: "ಮೈಲಿಗೆ ಹೋಗ್ಲಿ, ನೀರಾದ್ರೂ ಉಯ್ಯಿ ಅದಕ್ಕೆ." ಎರಡು ಚೊಂಬು ಸುರಿದೆ. ಮೂರನೆಯದಕ್ಕೆ ಮಣ್ಣು ಜಾರಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಮಿರಮಿರ ಮಿಂಚುವ ಕಪ್ಪು ವಸ್ತುವೊಂದು ಕೆಳಗೆ ಬಿತ್ತು.

ಚಿಕ್ಕಪ್ಪ ಅದನ್ನು ಎತ್ತಿ ನೋಡಿ ದಡಕ್ಕನೆ ಎದ್ದು ನಿಂತ. "ಹಲ್ಲು ಕಣಣ್ಣ!" ಎಂದು ಕೊಟ್ಟಿಗೆಯ ಕಡೆ ಕೂಗಿದ.

ಅಪ್ಪ ಸಗಣಿ ಕೈ ತೊಳೆದುಕೊಂಡು ಬಂದರು. ಸುತ್ತಲ ಹಳ್ಳಿಗಳಲ್ಲಿ ಯಾರೇ ಎತ್ತು ಕೊಳ್ಳಲಿ, ಬಾಯಿ ಬಿಡಿಸಿ ಹಲ್ಲು ನೋಡಲು ಅವರೇ ಹೋಗಬೇಕಿತ್ತು. ಹೆಬ್ಬೆರಳನ್ನು ಅದರ ಅಂಚಿನ ಮೇಲೆ ಮೆಲ್ಲಗೆ ಎಳೆದರು, ಬಿಸಿಲಿಗೆ ಹಿಡಿದರು, ಮತ್ತೆ ಎಳೆದರು.

"ನಾಯಿ ಹಲ್ಲು ಚೂಪಾಗಿ ಹಿಂದಕ್ಕೆ ಬಗ್ಗಿರ್ತದೆ, ಹಿಡಿದಿದ್ದು ತಪ್ಪಿಸ್ಕಬಾರ್ದು ಅಂತ. ಇದು ನೆಟ್ಟಗೆ, ಅಗಲಕ್ಕೆ ಅದೆ. ಅಂಚು ಬೇವಿನೆಲೆ ಇದ್ದಂಗೈತೆ. ಸೊಪ್ಪು ತರಿಯೋ ಹಲ್ಲು ಕಣವ್ವ ಇದು."

ಅಜ್ಜಿ ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದಳು. "ಅಂಗಾದ್ರೆ ನಮ್ಮೋರೇ ಬುಡು. ಪಾಪ, ಎಷ್ಟು ದೂರದಿಂದ ಬಂದದೋ! ಒಳಕ್ಕೆ ಕರ್ಕೊಂಡು ಬಾ ಮಗ." ಹಲ್ಲಿಗೆ ಇಷ್ಟು ವಿಭೂತಿ ಹಚ್ಚಿ ತಾನೇ ಗೂಡಿನಲ್ಲಿಟ್ಟಳು.

ಮೂರು ದಿನ ನಾನು ಕಲ್ಲಾಟಕ್ಕೂ ಹೋಗಲಿಲ್ಲ. ಆ ಹಲ್ಲು ಕೊನೆಯ ಸಲ ಎಲೆ ತರಿದಾಗ ನಮ್ಮೂರ ಕೆರೆ ಇರಲಿಲ್ಲ, ಊರಿರಲಿಲ್ಲ, 'ಊರು' ಎನ್ನಲು ಒಂದು ಬಾಯಿಯೂ ಇರಲಿಲ್ಲ. ಅಂಥದ್ದು ನನ್ನ ಸ್ಲೇಟಿನ ಪಕ್ಕ ಕೂತಿತ್ತು. ಯೋಚಿಸಿದರೆ ತಲೆ ಸುತ್ತುತ್ತಿತ್ತು. ಹೆದರಿಕೆಯಲ್ಲ, ಅಷ್ಟು ದೊಡ್ಡ ಸಂತೋಷ ನನಗೆ ಹೊಸದು.

ನಾಲ್ಕನೆಯ ಬೆಳಿಗ್ಗೆ ಚಿಕ್ಕಪ್ಪ ಹೊರಟ. "ಅವ್ರು ಬಿಸಾಕಿದ್ದು ಮಣ್ಣುಂಡೇನ. ಹುಡುಕ್ತಿರೋದು ಇದನ್ನೇ ಕಣವ್ವ, ಕೊಡ್ಬೇಕು," ಎಂದ. ನಾನು ಮುಷ್ಟಿ ಬಿಗಿಹಿಡಿದೆ. ಅಪ್ಪ ಗದರಲಿಲ್ಲ. "ಗುಟ್ಟು ಗೊತ್ತಿದ್ದೂ ಮುಚ್ಚಿಟ್ಕಂಡ್ರೆ ಅದ್ರ ಜಾತಿ ತಪ್ಪಾಗೋಯ್ತದೆ ಮಗ. ನೀನೇ ಕೊಡು," ಎಂದರು. ಕೊಟ್ಟೆ. ಆ ದಿನ ಹಿತುಕಿದವರೆ ಸಾರೂ ನನಗೆ ಸೇರಲಿಲ್ಲ.

ಮರುವರ್ಷ ಬಂದ ಚಿಕ್ಕಪ್ಪ ನಗುತ್ತಾ ಹೇಳಿದ: "ಸಾಹೇಬ್ರು ಭೂತಗನ್ನಡಿ ಇಟ್ಟು ನೋಡಿ ಕುರ್ಚಿ ಬುಟ್ಟು ಎದ್ರು. ಸೊಪ್ಪು ತಿನ್ನೋ ಜಾತಿ ಅಂತ್ಲೇ ಬರ್ಕೊಂಡ್ರು. ನಮ್ಮಣ್ಣ ಆಗ್ಲೇ ಹೇಳ್ದ ಅಂದ್ರೆ, ಯಾವ ಕಾಲೇಜು ಅಂತ ಕೇಳ್ತಾರೆ! ಕೊಟ್ಟಿಗೆ ಸ್ವಾಮಿ, ಅಂದೆ."

ಮೊನ್ನೆ ದೂರದ ಊರಿನ ವಸ್ತುಸಂಗ್ರಹಾಲಯವೊಂದರಲ್ಲಿ ಅಂಥದೇ ಹಲ್ಲೊಂದನ್ನು ಕಂಡೆ. ನಾಲಿಗೆ ಹೊರಳದ ಹೆಸರು, ಕೆಳಗೆ 'ಸಸ್ಯಾಹಾರಿ' ಎಂಬ ಒಂದು ಪದ. ನಮ್ಮದೇ ಹಲ್ಲೋ, ಬೇರೆಯದೋ ತಿಳಿಯಲಿಲ್ಲ. ಅಜ್ಜಿಯಿಲ್ಲ, ಅಪ್ಪನಿಲ್ಲ, ಎತ್ತಿನ ಬಾಯಿ ಬಿಡಿಸಿ ನೋಡಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ. ಗಾಜಿನ ಮೇಲೆಯೇ ಹೆಬ್ಬೆರಳು ಎಳೆದೆ, ಅಪ್ಪ ಎಳೆದ ಹಾಗೆ. ಬೆರಳಿಗೆ ಏನೂ ಹತ್ತಲಿಲ್ಲ. ಆದರೂ ಹಲ್ಲಿನ ಮೇಲೆ ವಿಭೂತಿಯೇನಾದರೂ ಉಳಿದಿದೆಯೇ ಎಂದು ಬಾಗಿಲು ಮುಚ್ಚುವವರೆಗೂ ನೋಡುತ್ತಲೇ ನಿಂತಿದ್ದೆ.