ಮಾವ ಪಾಸಾದದ್ದು

ಎಂ.ಎ. ಮುಗಿಸಿ ಊರಿಗೆ ಬಂದಿದ್ದ ನನಗೆ ಎಲ್ಲದರಲ್ಲೂ ತಪ್ಪು ಹುಡುಕುವುದೇ ಕೆಲಸವಾಗಿತ್ತು. ಆಗಲೇ ನನ್ನ ಸೋದರಮಾವ ಖಾಸಗಿ ಬಸ್ಸೊಂದರ ವರ್ಷದ ಪಾಸು ಮಾಡಿಸಿದ. ಪಾಸು ಕೆಂಪಗಿತ್ತು ಎನ್ನುತ್ತದೆ ನನ್ನ ನೆನಪು. ಅಮ್ಮ ಹಸಿರು ಎನ್ನುತ್ತಿದ್ದಳು.

ಮಾವ ಹಗರಿಬೊಮ್ಮನಹಳ್ಳಿಯಲ್ಲಿ ಟೇಲರ್. ಪಾಸಿದ್ದವರಿಗೆ ಡ್ರೈವರ್ ಪಕ್ಕದ ಸೀಟು, ಗಂಟುಮೂಟೆಗೆ ಚಾರ್ಜಿಲ್ಲ, ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಚಹಾ ಪುಕ್ಕಟೆ. ಆದರೆ ಅವನು ಆ ಬಸ್ಸಿನಲ್ಲಿ ಹರಪನಹಳ್ಳಿಗೆ, ಹೆಂಡತಿಯ ತವರಿಗೆ, ಹೋಗುತ್ತಿದ್ದುದು ತಿಂಗಳಿಗೊಮ್ಮೆ, ಅದೂ ಹೆಂಡತಿಯನ್ನು ಕಳಿಸಿ ಎಂದು ಕೇಳಲು. ಹೆಣ್ಣು ಕೊಟ್ಟವರು ನಿವೃತ್ತ ಮೇಷ್ಟ್ರು. ಅಳಿಯ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಫೇಲೆಂದು ಮದುವೆಯಾದ ಮೇಲೆ ತಿಳಿದು, ಪಾಸಾಗುವ ತನಕ ಮಗಳನ್ನು ಕಳಿಸುವುದಿಲ್ಲ ಎಂದು ಕೂತಿದ್ದರು.

"ಬರೇ ಹನ್ನೆರಡು ಸಲ ಹೋಗಾಕ ವರ್ಷದ ರೊಕ್ಕ ಕಟ್ಟೀಯಲ್ಲ ಮಾವ. ಟಿಕೀಟು ತಗಂಡಿದ್ರ ಅರ್ಧಕ್ಕ ಮುಗೀತಿತ್ತು" ಎಂದೆ.

"ನೀ ಓದಿದ್ದು ಜಾಸ್ತಿ ಆಗೇತಿ ಲೇ. ಹಿಂದಿನ ಸೀಟಿನ್ಯಾಗ ಯಾರದೋ ಕೋಳಿಬುಟ್ಟಿ ತೊಡಿ ಮ್ಯಾಲಿಟ್ಟಗಂಡು ಹೋದ್ರ ಹೆಂಡ್ತೀನ ಯಾರು ಕಳಸ್ತಾರ?"

ನಾನೂ ಜೊತೆಗೆ ಹೋದೆ. ಅಥವಾ ಈ ಕಥೆಯನ್ನು ಎಷ್ಟೋ ಸಲ ಕೇಳಿ, ಹೋಗಿದ್ದೆ ಅಂದುಕೊಂಡಿದ್ದೇನೆ. ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಪೇಪರಿಗಾಗಿ ಕಾಯುತ್ತಿದ್ದರು. ಅಳಿಯ ಮುಂದಿನ ಬಾಗಿಲಿನಿಂದ ಇಳಿದದ್ದು ಕಂಡು ಕನ್ನಡಕ ಸರಿಮಾಡಿಕೊಂಡರು.

"ಏನ್ರಿ ಅಳಿಯಂದ್ರ, ಭಾರಿ ಜೋರಾಗಿ ಬಂದೀರಿ?"

"ಪಾಸ್ ಆಗೇತ್ರಿ ಮಾವಾರ."

"ಹೌದಾ? ಯಾವಾಗ?"

"ಹೋದ ವಾರ ರಿ."

"ಕ್ಲಾಸು?"

ಮಾವ ತಾನು ಕೂತುಬಂದ ಸೀಟಿನ ಕಡೆ ನೋಡಿ, "ಫಸ್ಟೇ ರಿ" ಎಂದ.

ಮಧ್ಯಾಹ್ನ ಹೋಳಿಗೆ ಊಟವಾಯಿತು. ಮೂರು ಗಂಟೆಯ ಬಸ್ಸಿಗೆ ಅವನ ಹೆಂಡತಿಯ, ಅಂದರೆ ನನ್ನ ಅತ್ತೆಯ, ಟ್ರಂಕು ಏರಿತು. ಎಷ್ಟು ಪುಕ್ಕಟೆ ಚಹಾ ಕುಡಿದರೂ ಆ ಪಾಸಿನ ರೊಕ್ಕ ಹುಟ್ಟುವುದಿಲ್ಲ ಎಂಬ ನನ್ನ ಲೆಕ್ಕ ಇಂದಿಗೂ ಸರಿಯೇ. ಅದರಲ್ಲಿ ಅತ್ತೆಯನ್ನು ಮಾತ್ರ ಹಿಡಿದಿರಲಿಲ್ಲ. ಮೇಷ್ಟ್ರು ತಪ್ಪು ತಿಳಿದಿದ್ದಾರೆಂದು ಮಾವನಿಗೆ ಹೊಳೆದದ್ದು ಹೋಳಿಗೆಯ ಹೊತ್ತಿಗೋ ಟ್ರಂಕಿನ ಹೊತ್ತಿಗೋ, ಅವನು ಎಂದೂ ಬಾಯಿ ಬಿಡಲಿಲ್ಲ.

ಪಾಸಿಗೆ ಸೀಟು ಒಂದೇ. ಅತ್ತೆಯನ್ನು ಅಲ್ಲಿ ಕೂರಿಸಿ ಮಾವ ಕಂಬಿ ಹಿಡಿದು ನಿಂತ. ಕಂಡಕ್ಟರ್ ಪಾಸು ಕೇಳಿದಾಗ ಅತ್ತೆ ಅದನ್ನು ನಡುವೆಯೇ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇನ್ರಿ ನೀವು ಪಾಸಾಗಿದ್ದು?"

"ಪಾಸಾಗೀನಿ ಅಂದಿಲ್ಲ. ಆಗೇತಿ ಅಂದೆ."

ಬಸ್ಸು ಊರು ದಾಟಿದಾಗ ಅವಳು ಪಾಸನ್ನು ಅವನಿಗೆ ವಾಪಸು ಕೊಟ್ಟಳು. ಆಮೇಲೆ, "ಅಪ್ಪಗ ನಾ ಏನೂ ಹೇಳಾಂಗಿಲ್ಲ. ಅಕ್ಟೋಬರ್ ಪರೀಕ್ಷೆಗೆ ಇಂಗ್ಲಿಷ್ ಕಟ್ರಿ. ಅಲ್ಲೀತನ ಎಲ್ಲಿಗೆ ಹೋದ್ರೂ ಹಿಂಗ ನಿಂತಗಂಡು ಬರ್ರಿ" ಎಂದಳು.