ಬಾಗಿಲು ಹಾಕುವ ಮುಂಚಿನ ಕೂಗು

ನಮ್ಮ ಮಾವನವರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆ ‘ಗೋದಾಮಿನಲ್ಲಿದಾರೆ’ ಎಂದು ಅಲ್ಲಿಗೇ ಮುಗಿಸುತ್ತಾರೆ. ನನ್ನ ಗಂಡ ಮಾತಿಗೊಂದಿಷ್ಟು ತೂಕ ಇರಲಿ ಎಂದು ‘ಕ್ವಾಲಿಟಿ ವಿಭಾಗ’ ಎನ್ನುತ್ತಾರೆ. ಗೋದಾಮಿನವರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಕರೆಯುತ್ತಾರೆ: ಗುಳಿಗೆ ತಾತ.

ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಕಡಲೆಬೀಜದಲ್ಲಿ ಬೂಷ್ಟು ಇರಕೂಡದು, ಕೂದಲು ಇರಕೂಡದು, ಜೀವ ಇರುವ ಹುಳ ಒಂದೂ ಇರಕೂಡದು. ಇದು ಸರ್ಕಾರದ ನಿಯಮ. ಬೂಷ್ಟು ಮತ್ತು ಕೂದಲು ನನ್ನಂಥ ಬೀಜ ಆರಿಸುವ ಹೆಂಗಸರ ಪಾಲಿಗೆ. ನಾವು ಬಳೆ, ಓಲೆ, ಪಿನ್ನು ಎಲ್ಲ ತೆಗೆದಿಟ್ಟು, ಉಗುರು ತೋರಿಸಿ, ತಲೆಗೆ ಟೋಪಿ ಹಾಕಿ, ಔಷಧಿ ನೀರಲ್ಲಿ ಪಾದ ಅದ್ದಿ ಒಳಗೆ ಹೋಗುತ್ತೇವೆ. ಹುಳ ಮಾವನವರ ಪಾಲಿಗೆ. ಮೂಟೆಗಳ ಅಟ್ಟಿಯ ಮೇಲೆ ದಪ್ಪ ಹಾಳೆ ಹೊದಿಸಿ, ಅಂಚಿನುದ್ದಕ್ಕೂ ಮರಳು ತುಂಬಿದ ಉದ್ದ ಚೀಲಗಳನ್ನು ಮಲಗಿಸಿ, ಒಳಗೆ ಗ್ಯಾಸ್ ಗುಳಿಗೆ ಇಟ್ಟು, ಗೋದಾಮಿನ ಬಾಗಿಲು ಮುಚ್ಚಿ ಸಂದಿಗೆಲ್ಲ ಕಾಗದ ಅಂಟಿಸುತ್ತಾರೆ. ಗುಳಿಗೆ ಗಾಳಿಯ ತೇವ ಕುಡಿದು ಮೆಲ್ಲಗೆ ವಿಷ ಬಿಡುತ್ತದೆ. ಒಂದು ವಾರ ಆ ಬಾಗಿಲನ್ನು ಯಾರೂ ತೆಗೆಯುವಂತಿಲ್ಲ. ತೆಗೆಯುವ ಹೊತ್ತಿಗೆ ಒಳಗೆ ಉಸಿರಾಡುವುದು ಏನೂ ಉಳಿದಿರುವುದಿಲ್ಲ.

ಮುಚ್ಚುವ ಮುನ್ನ ಮಾವ ಹೊಸ್ತಿಲಲ್ಲಿ ನಿಂತು ಕರೆಯುತ್ತಾರೆ.

‘ಒಳಗೆ ಯಾರಿದೀರಪ್ಪಾ... ಬಾಗಿಲು ಹಾಕ್ತಾ ಇದೀನಿ... ಬನ್ನಿ ಹೊರಗೆ...’

ಕರೆದು, ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ ನಿಲ್ಲುತ್ತಾರೆ. ಮತ್ತೆ ಕರೆಯುತ್ತಾರೆ. ಆ ಕೂಗು ನಮ್ಮಲ್ಲಿ ಎಷ್ಟು ಹೆಸರುವಾಸಿ ಎಂದರೆ, ಹೆಂಗಸರ ಪಾಯಖಾನೆಯಲ್ಲಿ ಯಾರಾದರೂ ಹೆಚ್ಚು ಹೊತ್ತು ಕೂತರೆ ಹೊರಗಿನಿಂದ ಯಾವಳೋ ಒಬ್ಬಳು ಅದೇ ರಾಗದಲ್ಲಿ ‘ಒಳಗೆ ಯಾರಿದೀರಪ್ಪಾ’ ಎಂದು ಎಳೆಯುತ್ತಾಳೆ. ನಾನೂ ಎಳೆದಿದ್ದೇನೆ. ಅವರ ಸೊಸೆಯಾದ ಮೇಲೆ ಬಿಟ್ಟೆ.

ಒಮ್ಮೊಮ್ಮೆ ಕರೆದಾದ ಮೇಲೆ ಬಾಗಿಲು ಹಾಕದೆ ಟಾರ್ಚು ಹಿಡಿದು ಒಳಗೆ ಹೋಗಿಬಿಡುತ್ತಿದ್ದರು. ಅಟ್ಟಿಗಳ ನಡುವೆ, ಗೋಡೆಯ ಮೂಲೆಗಳಲ್ಲಿ, ಖಾಲಿ ಚೀಲದ ರಾಶಿಯ ಹಿಂದೆ ಬೆಳಕು ಓಡಾಡುವುದು ಹೊರಗೆ ನಿಂತವರಿಗೆ ಕಾಣುತ್ತಿತ್ತು. ಮೇಸ್ತ್ರಿ ತಲೆ ಚಚ್ಚಿಕೊಳ್ಳುತ್ತಿದ್ದ. ಮಾವ ಹೊರಬಂದಾಗ ಮುಖ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಯಾರಿದ್ದರು ಎಂದರೆ ‘ಯಾರೂ ಇಲ್ಲ’ ಎನ್ನುವರು. ಮತ್ತೆ ಹೊಸದಾಗಿ ಕರೆಯಲು ಶುರು.

ಇದರ ಹಿಂದಿನ ಕಥೆಯನ್ನು ಅತ್ತೆ ನನಗೆ ಬಾಣಂತನದಲ್ಲಿ ಹೇಳಿದರು, ಮಗುವಿನ ಬಟ್ಟೆ ಮಡಿಸುತ್ತ, ತರಕಾರಿ ರೇಟು ಹೇಳುವಂತೆ. ಆಗೆಲ್ಲ ಗುಳಿಗೆ ಇಡಲು ಇಬ್ಬರು ಇರುತ್ತಿದ್ದರಂತೆ. ಮಾವನ ಜೊತೆಗಾರನನ್ನು ಎಲ್ಲರೂ ‘ಬಂದೆ’ ಎಂದೇ ಕರೆಯುತ್ತಿದ್ದರು. ಯಾರು ಎಲ್ಲಿಂದ ಕೂಗಿದರೂ ಆತ ‘ಬಂದೆ’ ಎನ್ನುವುದು ತಡವಿಲ್ಲ, ಬರುವುದು ಮಾತ್ರ ಅವನ ಪುರುಸೊತ್ತಿಗೆ. ಊಟಕ್ಕೆ ಕರೆದರೂ ‘ಬಂದೆ’, ಅವನ ಮದುವೆಯ ದಿನ ಮುಹೂರ್ತಕ್ಕೆ ಕರೆದಾಗಲೂ ‘ಬಂದೆ’. ಒಂದು ದಿನ ಗುಳಿಗೆ ಇಟ್ಟಾಯಿತು, ಇಬ್ಬರೂ ಹೊರಗೆ ಬಂದರು. ಬಂದೆ ನೀರು ಕುಡಿಯಲು ನಲ್ಲಿಯ ಕಡೆ ಹೋದ. ಹಾಗೆಂದು ಮಾವ ತಿಳಿದರು. ಬಾಗಿಲಿಗೆ ಕೈ ಹಚ್ಚಿ, ‘ಹಾಕ್ತೀನಪ್ಪಾ’ ಎಂದರು. ‘ಬಂದೆ’ ಎಂಬ ಉತ್ತರ ಸ್ಪಷ್ಟವಾಗಿ ಕೇಳಿಸಿತು. ತಗಡಿನ ಗೋದಾಮು, ದನಿ ಎಲ್ಲಿಂದ ಎಲ್ಲಿಗೋ ಬಡಿದು ಬರುತ್ತದೆ. ಬೆನ್ನ ಹಿಂದೆ ನಲ್ಲಿಯ ಕಡೆಯಿಂದ ಬಂತು ಎಂದುಕೊಂಡು ಬಾಗಿಲು ಎಳೆದರು.

ಆತ ಮರೆತ ಟವೆಲ್ಲಿಗೆಂದು ಮತ್ತೆ ಒಳಗೆ ಹೋಗಿದ್ದ, ಹೊರಗೆ ಬಂದದ್ದು ಹೆಣವಾಗಿ. ಅಟ್ಟಿಯಿಂದ ಜಾರಿ ಬಿದ್ದಿದ್ದಾನೆ, ತಲೆಗೆ ಪೆಟ್ಟಾಗಿದೆ, ಕೂಗಲು ಆಗಿಲ್ಲ ಎಂದು ಆಮೇಲೆ ವಿಚಾರಣೆಯಲ್ಲಿ ಬರೆದರು. ತಪ್ಪು ಯಾರದ್ದೂ ಅಲ್ಲ ಎಂದೂ ಬರೆದರು. ಅಂದಿನಿಂದ ಒಳಗೆ ಹೋಗುವವರು ಕೆಲಸಕ್ಕೆ ಬಂದಾಗ ಕೊಡುವ ತಮ್ಮ ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ ಹೋಗಬೇಕು, ಬರುವಾಗ ತೆಗೆದುಕೊಳ್ಳಬೇಕು ಎಂಬ ಕ್ರಮ ಬಂತು. ಮೊಳೆಗಳು ಖಾಲಿ ಇದ್ದರೆ ಗೋದಾಮೂ ಖಾಲಿ. ಮಾವನಿಗೆ ಮೊಳೆಯ ಮೇಲೆ ನಂಬಿಕೆ ಬರಲಿಲ್ಲ. ಕರೆಯಲು ಶುರು ಮಾಡಿದರು.

ಇಷ್ಟು ತಿಳಿದ ಮೇಲೆ ನನಗೆ ಅವರ ಬಗ್ಗೆ ಅಂತಃಕರಣ ಹೆಚ್ಚಿತು. ಕೆಲಸದಿಂದ ಬಂದವರು ತಲೆಯಿಂದ ಸ್ನಾನ ಮಾಡಿ, ಅಂಗಿ ಬದಲಿಸಿ, ಅಂಗೈಯನ್ನು ಮೂಸಿ ನೋಡಿಕೊಂಡು ಆಮೇಲೆ ಮಗುವನ್ನು ಮುಟ್ಟುತ್ತಿದ್ದರು. ಅವಳನ್ನು ಎದೆಗೆ ಒರಗಿಸಿಕೊಂಡು ಬೆನ್ನ ಮೇಲೆ ಅಂಗೈ ಇಟ್ಟು ಕೂತರೆ ಅಜ್ಜ ಮೊಮ್ಮಗಳು ಇಬ್ಬರೂ ತೂಕಡಿಸುವರು. ನಾನು ಆ ಹೊತ್ತಿನಲ್ಲಿ ಪಾತ್ರೆ ತೊಳೆದುಕೊಂಡು, ಡೈರಿಯಲ್ಲಿ ನಾಲ್ಕು ಸಾಲು ಗೀಚಿ, ಸಾಧ್ಯವಾದರೆ ತಲೆ ಬಾಚಿಕೊಳ್ಳುತ್ತಿದ್ದೆ. ಆ ಅಂಗೈ ಬೆನ್ನ ಮೇಲೇಕೆ ಇರುತ್ತಿತ್ತು ಎಂಬುದು ನನಗೆ ಹೊಳೆದದ್ದು ತಡವಾಗಿ.

ಒಂದು ಮಧ್ಯಾಹ್ನ ಮಗು ತೊಟ್ಟಿಲಲ್ಲಿ ಎದ್ದು ಅಳುತ್ತಿದ್ದಳು. ನಾನು ಹಿಂದಿನ ಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ, ಮಾವ ತೊಟ್ಟಿಲ ಪಕ್ಕದಲ್ಲೇ ಇದ್ದಾರಲ್ಲ ಎಂಬ ಧೈರ್ಯ. ಅಳು ಕಿರುಚಾಟಕ್ಕೆ ತಿರುಗಿದಾಗ ಒದ್ದೆ ಕೈಯಲ್ಲೇ ಓಡಿ ಬಂದೆ. ಮಾವ ತೊಟ್ಟಿಲಿಗೆ ಬೆನ್ನು ಹಾಕಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದಾರ ಪೋಣಿಸುವಾಗ ನಾಲಿಗೆಯ ತುದಿ ಹೊರಗಿತ್ತು. ಇಷ್ಟು ನೆಮ್ಮದಿಯ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ನನ್ನ ನೆರಳು ಬಿದ್ದಾಗ ತಿರುಗಿದರು, ಮಗುವಿನ ತೆರೆದ ಬಾಯಿ ನೋಡಿದರು. ‘ಈಗಷ್ಟೇ ಶುರು ಮಾಡಿದಳು ನೋಡು’ ಎಂದರು.

ಕಿವಿ ಕೇಳಿಸದಿರುವುದನ್ನು ಅವರು ಎಷ್ಟು ಜಾಣತನದಿಂದ ಮುಚ್ಚಿಟ್ಟುಕೊಂಡಿದ್ದರು ಎಂದು ಆಮೇಲೆ ಒಂದೊಂದಾಗಿ ಕಂಡಿತು. ಮಾತನ್ನು ತಾವೇ ಮೊದಲು ತೆಗೆಯುವರು. ಗೋಡೆಗೆ ಒರಗಿ, ಎಲ್ಲರ ಮುಖ ಕಾಣುವಂತೆ ಕೂರುವರು. ನಗುವವರ ಜೊತೆ ನಗುವರು, ಒಂದು ಗಳಿಗೆ ತಡವಾಗಿ. ಗೋದಾಮಿನವರಿಗೆಲ್ಲ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇದೆ, ಅದೂ ಸರ್ಕಾರದ ನಿಯಮವೇ. ಡಾಕ್ಟರು ಉಗುರು, ಚರ್ಮ, ಎದೆ, ಕಣ್ಣು ನೋಡಿ ಕೆಮ್ಮು ಇದೆಯೇ, ಭೇದಿ ಇದೆಯೇ ಎಂದು ಕೇಳುತ್ತಾರೆ. ಕಿವಿಯನ್ನು ಯಾರೂ ಕೇಳುವುದಿಲ್ಲ. ಕಡಲೆಬೀಜಕ್ಕೆ ಕಿವಿಯಿಂದ ಯಾವ ರೋಗ ಅಂಟೀತು?

ಅತ್ತೆಗೆ ಹೇಳಿದೆ. ‘ಮೂವತ್ತು ವರ್ಷದಿಂದ ನನ್ನ ಮಾತು ಕೇಳಿಲ್ಲ, ಈಗೇನು ಹೊಸದು’ ಎಂದು ನಕ್ಕರು. ನಾನು ನಗಲಿಲ್ಲ. ಅವರೂ ನಿಲ್ಲಿಸಿದರು. ನನಗೆ ಕಣ್ಣೆದುರು ಬಂದದ್ದು ಹೊಸ್ತಿಲು: ಕಣ್ಣು ಮುಚ್ಚಿ, ತಲೆ ವಾಲಿಸಿ ನಿಂತ ಮನುಷ್ಯ. ಅವರು ಯಾವ ಉತ್ತರಕ್ಕೆ ಕಾಯುತ್ತಾರೆ? ಯಾರಾದರೂ ನಿಜವಾಗಿ ಒಳಗಿದ್ದು ಕೂಗಿದರೆ?

ಸಂಜೆ ಅವರ ಎದುರಿಗೆ ಕೂತು, ತುಟಿ ಕಾಣುವಂತೆ ಬಿಡಿಸಿ ಕೇಳಿದೆ. ಗುಂಡಿ ಹೊಲಿದ ಅಂಗಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

‘ಏನೂ ಕೇಳ್ಸಲ್ಲ ಕಣಮ್ಮ. ಅದೊಂದು ಕೇಳ್ಸುತ್ತೆ.’

‘ಯಾವುದು ಮಾವ?’

‘ಬಂದೆ ಅನ್ನೋದು.’

ಆ ದಿನದಿಂದಲೂ ಕೇಳುತ್ತಿತ್ತಂತೆ, ಆದರೆ ಆಗ ಲೋಕದ ನೂರು ಸದ್ದಿನ ನಡುವೆ ಅದೂ ಒಂದು. ಈಗ ಉಳಿದವೆಲ್ಲ ಒಂದೊಂದಾಗಿ ಹೊರಟುಹೋಗಿ ಅದು ಮಾತ್ರ ನಿಂತಿದೆ. ಮನೆಯಲ್ಲೂ ಬರುತ್ತದೆ, ಸ್ನಾನದ ಮನೆಯಲ್ಲೂ. ಕರೆದಾಗ ಅದು ಕೇಳಿಸಿದರೆ ಒಳಗೆ ಹೋಗಿ ಹುಡುಕುತ್ತಾರೆ. ಕೇಳಿಸದಿದ್ದರೆ ಬಾಗಿಲು ಹಾಕುತ್ತಾರೆ.

ಕೆಲಸ ಬಿಟ್ಟುಬಿಡಿ ಎಂದೆ. ತಲೆ ಆಡಿಸಿದರು. ‘ಅಲ್ಲಾದ್ರೆ ಎದ್ದು ಹೋಗಿ ನೋಡಬಹುದು. ಮನೇಲಿ ಎಲ್ಲಿ ಅಂತ ಹುಡುಕಲಿ?’

 ಆದರೆ ನನ್ನ ಲೆಕ್ಕ ಸರಳವಾಗಿತ್ತು: ಸತ್ತವನು ‘ಬಂದೆ’ ಎಂದರೆ ಆ ಬಾಗಿಲು ತೆರೆದಿರುತ್ತದೆ, ಬದುಕಿರುವವನು ಅಂದರೆ ಮುಚ್ಚಿಕೊಳ್ಳುತ್ತದೆ. ಒಳಗೆ ಕೆಲಸ ಮಾಡುವವರೆಲ್ಲ ಯಾವುದೋ ತಾಯಿಯ ಮಕ್ಕಳು. ಇನ್ನು ಮುಂದೆ ಮುಚ್ಚುವಾಗ ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಇಲ್ಲದಿದ್ದರೆ ಮೇಸ್ತ್ರಿಗೆ ಹೇಳುತ್ತೇನೆ ಎಂದೆ. ದಿಟ್ಟಿಸಿ ನೋಡಿದರು. ನನ್ನ ಮೇಲೆ ಸಿಟ್ಟಾದರೇನೋ ಎಂದುಕೊಂಡೆ. ‘ಮಗು?’ ಎಂದು ಮಾತ್ರ ಕೇಳಿದರು. ಅತ್ತೆಯ ಹತ್ತಿರ ಎಂದೆ.

ಆ ವಾರದ ಕೊನೆಗೆ ಹಡಗಿಗೆ ಹೋಗುವ ಮೂಟೆಗಳ ದೊಡ್ಡ ಲಾಟು ಸಿದ್ಧವಾಯಿತು. ಸರ್ಕಾರದ ಕಡೆಯ ಸಾಹೇಬರು ಬಂದು ಹಾಳೆ, ಮರಳು ಚೀಲ, ಕೆಂಪು ಎಚ್ಚರಿಕೆ ಫಲಕ ಎಲ್ಲ ನೋಡಿದರು. ಮೊಳೆಗಳ ಮೇಲೆ ಒಂದು ಬಿಲ್ಲೆಯೂ ಇರಲಿಲ್ಲ. ನಾನು ಟೋಪಿ ತೆಗೆದು, ಕಿವಿಯ ಮೇಲಿನ ಕೂದಲು ಹಿಂದಕ್ಕೆ ಸಿಕ್ಕಿಸಿಕೊಂಡು ಮಾವನ ಪಕ್ಕ ನಿಂತೆ.

‘ಏನಮ್ಮ, ಗುಳಿಗೆ ತಾತಂಗೆ ಬಾಡಿಗಾರ್ಡಾ?’ ಎಂದ ಮೇಸ್ತ್ರಿ.

ಗುಳಿಗೆಯ ಡಬ್ಬಿ ತೆರೆಯುವ ಮೊದಲೊಮ್ಮೆ, ಇಟ್ಟು ಬಂದ ಮೇಲೊಮ್ಮೆ ಕರೆಯುವುದು ಮಾವನ ರೂಢಿ. ಮೊದಲ ಕೂಗು ಹೋಯಿತು. ತಗಡಿನಲ್ಲಿ ಸುತ್ತಾಡಿ ಕರಗಿತು. ಅವರು ಕಣ್ಣು ಮುಚ್ಚಿದರು. ನಾನು ಉಸಿರು ಹಿಡಿದೆ. ಇನ್ನೊಮ್ಮೆ ಕರೆದು, ಕಾದು, ಅವರು ಕಣ್ಣು ತೆರೆದರು. ಮುಖದಲ್ಲಿ ಬೂದಿ ಬಣ್ಣ ಇರಲಿಲ್ಲ, ನಿರಾಳವಿತ್ತು. ಅವರಿಗೆ ಏನೂ ಕೇಳಿಸಿರಲಿಲ್ಲ. ಡಬ್ಬಿಗೆ ಕೈ ಹಾಕಿದರು.

ಆಗಲೇ ಒಳಗಿನಿಂದ ಒಂದು ಕೆಮ್ಮು ಬಂತು. ಮೂಟೆ ಜಾರಿದ ಸದ್ದಿನಂತೆ, ಸಣ್ಣದು. ‘ಮಾವ’ ಎಂದೆ. ತಿರುಗಲಿಲ್ಲ. ಅವರ ರಟ್ಟೆ ಹಿಡಿದು ಎಳೆದೆ.

ಟಾರ್ಚು ಹಿಡಿದು ಇಬ್ಬರೂ ಹೋದೆವು. ಹಿಂದಿನ ಗೋಡೆಯ ಬಳಿ, ಖಾಲಿ ಚೀಲಗಳನ್ನು ಹೊದ್ದು ಮಲಗಿದ್ದ ಮನುಷ್ಯನ ಪಾದಗಳು ಮೊದಲು ಕಂಡವು. ಮೂಟೆ ಹೊರುವವನು, ಉದ್ದಕ್ಕಿರುವುದರಿಂದ ಎಲ್ಲರ ಬಾಯಲ್ಲಿ ‘ಏಣಿ’. ಜ್ವರ, ಕೆಲಸಕ್ಕೆ ಬರಲಾಗದು ಎಂದು ಹೇಳಿ ಹೋಗಲು ಬೆಳಿಗ್ಗೆ ಬಂದಿದ್ದನಂತೆ. ಮೈ ನಡುಗಿ, ಕತ್ತಲೆ ಕಂಡಲ್ಲಿ ಬಿದ್ದುಕೊಂಡಿದ್ದ. ರಜೆ ಇದ್ದವನಿಗೆ ಬಿಲ್ಲೆ ಎಲ್ಲಿಯದು? ಮುಟ್ಟಿದರೆ ಮೈ ಕೆಂಡ. ‘ತಾತ, ಆಗ್ಲೇ ಓ ಅಂದ್ನಲ್ಲ’ ಎಂದು ಗೊಣಗಿದ. ಅದು ನನಗೂ ಕೇಳಿಸಿರಲಿಲ್ಲ. ಮಾವ ಅವನ ತುಟಿಯನ್ನೇ ನೋಡುತ್ತಿದ್ದರು.

ಅವನನ್ನು ಇಬ್ಬರು ಹಿಡಿದು ಹೊರಗೆ ಕೂರಿಸಿ ನೀರು ಕೊಟ್ಟರು. ಮೇಸ್ತ್ರಿ ಅವನಿಗೆ ಬಾಯಿಗೆ ಬಂದದ್ದು ಬೈದು, ಬೈದ ಬಾಯಲ್ಲೇ ಆಸ್ಪತ್ರೆಗೆ ಗಾಡಿ ಹೇಳಿದ. ಮಾವ ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

‘ನಂಗೆ ಕಿವಿ ಕೇಳ್ಸಲ್ಲ. ಕೇಳ್ಸದೆ ಬಹಳ ದಿನ ಆಯ್ತು.’

ಎಷ್ಟು ದಿನದಿಂದ ಎಂದು ಮೇಸ್ತ್ರಿ ಬೆನ್ನ ಹಿಂದಿನಿಂದ ಕೇಳಿದ. ಮಾವ ಉತ್ತರಿಸಲಿಲ್ಲ. ಆ ಉತ್ತರಿಸದಿದ್ದುದರಲ್ಲೇ ಎಲ್ಲರಿಗೂ ಅರ್ಥವಾಯಿತು. ಯಾರೂ ನಗಲಿಲ್ಲ. ಪಾಯಖಾನೆಯ ಹತ್ತಿರ ರಾಗ ಎಳೆಯುವವಳೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಾಹೇಬರು ಯೋಚಿಸಿ, ಗುಳಿಗೆ ಇಡುವ ಲೈಸೆನ್ಸ್ ಇವರದ್ದೇ, ಈ ಲಾಟಿಗೆ ಇವರೇ ಇಡಲಿ, ಮುಂದಿನದಕ್ಕೆ ಬೇರೆಯವರನ್ನು ನೋಡೋಣ ಎಂದರು. ಆದರೆ ಕರೆದು ಕೇಳಿಸಿಕೊಳ್ಳುವ ಕೆಲಸ ಇನ್ನೊಬ್ಬರದ್ದಾಗಬೇಕು. ಕಠಿಣವಾಗಿ ಹೇಳಲಿಲ್ಲ. ನಾನು ಅದನ್ನು ಮಾವನಿಗೆ ತುಟಿ ಬಿಡಿಸಿ ಹೇಳಿದೆ. ಮುಂದಿನದು ಬೇರೆಯವರಿಗೆ ಎಂಬಲ್ಲಿಗೆ ಬಂದಾಗ ನನ್ನ ತುಟಿಯೇ ಒದ್ದಾಡಿತು. ತಲೆ ಆಡಿಸಿ, ಗ್ಯಾಸ್ ತಡೆಯುವ ಮುಖವಾಡ ಬಿಗಿದುಕೊಂಡು ಒಳಗೆ ಹೋದರು. ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಹೊರಗೆ ಬಂದು ಮುಖವಾಡ ತೆಗೆದಾಗ ಕೆನ್ನೆಯ ಮೇಲೆ ಅದರ ಗೆರೆ ಮೂಡಿತ್ತು.

‘ನೀನೇ ಕರಿ’ ಎಂದರು.

ಹೊಸ್ತಿಲ ಈಚೆ ನಿಂತು ಕರೆದೆ. ಅವರ ಮಾತನ್ನೇ, ನನಗೆ ಬಂದ ಹಾಗೆ. ಗೋದಾಮಿನ ಕತ್ತಲು ನನ್ನ ದನಿಯನ್ನು ತೆಗೆದುಕೊಂಡು ಏನನ್ನೂ ಹಿಂದಿರುಗಿಸಲಿಲ್ಲ. ಇನ್ನೊಮ್ಮೆ ಕರೆದೆ. ಮಾವ ಈ ಸಲ ಕಣ್ಣು ಮುಚ್ಚಲಿಲ್ಲ, ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮೇಸ್ತ್ರಿಯ ಮುಖ, ಸಾಹೇಬರ ಮುಖ, ಕಡೆಗೆ ನನ್ನದು. ನಾನು ಅಷ್ಟು ಗಮನವಿಟ್ಟು ಕೇಳಿಸಿಕೊಂಡದ್ದು ಹಿಂದೊಮ್ಮೆ ಮಾತ್ರ: ಹುಟ್ಟಿದ ಮಗು ಅಳಲು ತಡ ಮಾಡಿದಾಗ.

ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತು.

‘ನಂಗೆ ಕೇಳ್ಸಿತಮ್ಮ,’ ಎಂದರು ಮೆಲ್ಲಗೆ. ‘ಬಂದೆ ಅಂದ.’

ಹೋಗಿ ನೋಡಿಬನ್ನಿ ಎನ್ನಬಹುದಿತ್ತು. ಆದರೆ ಗುಳಿಗೆ ಇಟ್ಟಾಗಿತ್ತು. ನಾನು ಇನ್ನೊಂದು ಗಳಿಗೆ ಕಿವಿಗೊಟ್ಟೆ. ತಗಡಿನ ಮೇಲೆ ಗಾಳಿ, ದೂರದಲ್ಲಿ ಯಾವುದೋ ಲಾರಿ. ಅವರ ಎರಡೂ ಕೈ ಹಿಡಿದುಕೊಂಡೆ.

‘ಇಲ್ಲ ಮಾವ. ಯಾರೂ ಏನೂ ಅನ್ನಲಿಲ್ಲ. ಒಳಗೆ ಯಾರೂ ಇಲ್ಲ.’

ನನ್ನ ತುಟಿಯ ಮೇಲೆ ಅವರ ಕಣ್ಣು ನಿಂತೇ ಇತ್ತು, ನಾನು ಹೇಳಿ ಮುಗಿಸಿದ ಮೇಲೂ. ಆಮೇಲೆ ಕೈ ಬಿಡಿಸಿಕೊಂಡು ಬಾಗಿಲ ಕಡೆ ತಿರುಗಿದರು. ಆ ಭಾರದ ಬಾಗಿಲನ್ನು, ಈಗಷ್ಟೇ ನಿದ್ದೆ ಹತ್ತಿದ ಮಗುವಿರುವ ಕೋಣೆಯ ಬಾಗಿಲನ್ನು ಎಳೆದುಕೊಳ್ಳುವ ಹಾಗೆ, ಸದ್ದಾಗದಂತೆ ಮುಚ್ಚಿದರು. ಸದ್ದಾದರೂ ಅವರಿಗೆ ತಿಳಿಯುವಂತಿರಲಿಲ್ಲ.