ಲಿಫ್ಟಿನಲ್ಲಿ ಒಂದು ಲೋಟ ನೀರು

ಅವನಿಗೆ ಹೆತ್ತವರು ಇಟ್ಟ ಹೆಸರು ಈಗ ಯಾರಿಗೂ ನೆನಪಿಲ್ಲ. ಏನೇ ಹೇಳಿದರೂ "ಎಲ್ಲಿ, ತೋರ್ಸಿ ನೋಡೋಣ" ಅನ್ನುವ ಚಾಳಿಯಿಂದಾಗಿ ಬೀದಿಗೆ ಬೀದಿಯೇ ಅವನನ್ನು ತೋರ್ಸಪ್ಪ ಎಂದು ಕರೆಯುತ್ತಿತ್ತು. ಲಿಫ್ಟ್ ರಿಪೇರಿ ಅವನ ಕಸುಬು. ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ, "ನಟ್ಟು ಬಿಗಿಯಾಗಿದೆ ಅಂತ ನಂಬಬೇಡ, ಅಲ್ಲಾಡಿಸಿ ನೋಡು" ಎಂದಿದ್ದನಂತೆ. ಈ ಪುಣ್ಯಾತ್ಮ ಆ ಮಾತನ್ನು ನಟ್ಟಿಗಷ್ಟೇ ಬಿಡದೆ ಲೋಕಕ್ಕೆಲ್ಲ ಹಚ್ಚಿಬಿಟ್ಟ. ಕುರ್ಚಿ ಅಲ್ಲಾಡಿಸದೆ ಕೂರುತ್ತಿರಲಿಲ್ಲ, ಹಾಲು ಮೂಸದೆ ಕುಡಿಯುತ್ತಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ದೇವರನ್ನೂ ಅಲ್ಲಾಡಿಸಿ ನೋಡಿದ. ಕೈಗೆ ಏನೂ ಸಿಗಲಿಲ್ಲವೆಂದು ಚರ್ಚಿಗೆ ಹೋಗುವುದನ್ನೇ ಬಿಟ್ಟ.

ಇಂಥವನ ಅಕ್ಕನನ್ನು ಕೈಹಿಡಿದವರು ಯಾರು ಅಂತೀರಿ? ಅದೇ ಚರ್ಚಿನ ಪಾಸ್ಟರು! ಅಮ್ಮ ತೀರಿಕೊಂಡ ಮೇಲೆ ತೋರ್ಸಪ್ಪನಿಗೆ ಉಣಿಸಿ ತಿನಿಸಿ ಬೆಳೆಸಿದವಳು ಆ ಅಕ್ಕ. ಅವಳನ್ನು ನೋಡದೆ ಅವನಿಗೆ ವಾರ ಕಳೆಯುತ್ತಿರಲಿಲ್ಲ. ಹಾಗಾಗಿ ಮೂವತ್ತು ವರ್ಷದಿಂದ ಭಾನುವಾರದ ಊಟ ಅಕ್ಕನ ಮನೆಯಲ್ಲಿ, ಊಟದ ಜೊತೆಗೆ ಭಾವನೊಂದಿಗೆ ಜಟಾಪಟಿ.

"ಅಲ್ಲಯ್ಯಾ, ಒಂದು ಲಿಫ್ಟು ತಾನಾಗಿ ಹುಟ್ಟಲ್ಲ ಅಂತೀಯ. ಇಷ್ಟು ದೊಡ್ಡ ಲೋಕ ತಾನಾಗಿ ಹುಟ್ಟಿಬಿಡ್ತಾ?" ಎಂದು ಭಾವ ಶುರು ಮಾಡುವರು.

"ಲಿಫ್ಟ್ ಮಾಡಿದವನ ನಂಬರು ಒಳಗೇ ಬರೆದಿರುತ್ತೆ ಭಾವ. ಕೆಟ್ರೆ ಫೋನ್ ಮಾಡಿದ್ರೆ ಎತ್ತುತ್ತಾನೆ. ನಿಮ್ಮವನು ಎತ್ತುತ್ತಾನಾ?"

"ಎತ್ತುತ್ತಾನೆ. ನೀನು ಮಾಡಿದ್ರೆ ತಾನೇ!"

ಇನ್ನೊಂದು ಭಾನುವಾರ, ಸತ್ತ ಮೂರನೇ ದಿನ ಎದ್ದುಬಂದ ಏಸುವಿನ ಖಾಲಿ ಸಮಾಧಿಯ ಮಾತು. ಅದನ್ನು ಮೊದಲು ಕಂಡವರು ಹೆಂಗಸರು, ಅವರ ಮಾತು ನಂಬದೆ ಇಬ್ಬರು ಶಿಷ್ಯರು ಓಡೋಡಿ ಬಂದು ನೋಡಿದರು, ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಕವಡೆಕಾಸಿನ ಬೆಲೆ ಇರಲಿಲ್ಲ, ಸುಳ್ಳು ಕಟ್ಟುವವನಾಗಿದ್ದರೆ ಗಂಡಸರನ್ನೇ ಕಳಿಸುತ್ತಿದ್ದ ಅನ್ನುವುದು ಭಾವನ ಪಟ್ಟು. ಖಾಲಿ ಲಿಫ್ಟ್ ಕಂಡರೆ ಒಳಗಿದ್ದವನು ಮೆಟ್ಟಿಲು ಇಳಿದು ಹೋದ ಅನ್ನಬೇಕೇ ಹೊರತು ಆಕಾಶಕ್ಕೆ ಏರಿದ ಅನ್ನಬಾರದು ಎಂಬುದು ತೋರ್ಸಪ್ಪನ ಪಟ್ಟು. "ಹುಡುಗಿ ಫೋಟೋ ಹತ್ತು ನಿಮಿಷ ನೋಡಿ ಮದುವೆಗೆ ಒಪ್ಪಿದೆಯಲ್ಲ, ಆಗ ಯಾವ ಪುರಾವೆ ಕೇಳಿದ್ದೆ?" ಎಂದು ಭಾವ ಒಮ್ಮೆ ಬಾಣ ಬಿಟ್ಟರು. "ಪರೀಕ್ಷೆ ಇನ್ನೂ ಮುಗಿದಿಲ್ಲ ಭಾವ. ಅವಳೇ ನನ್ನನ್ನ ಪರೀಕ್ಷೆ ಮಾಡ್ತಿದ್ದಾಳೆ" ಎಂದ ತೋರ್ಸಪ್ಪ. ಅಕ್ಕ ಮಾತ್ರ ಇಬ್ಬರ ತಟ್ಟೆಗೂ ಸಮನಾಗಿ ಬಡಿಸುತ್ತ, "ಬಾಯಿ ಇರೋದು ಉಣ್ಣೋಕೂ ಹೌದು" ಎನ್ನುತ್ತಿದ್ದಳು.

ಹೀಗಿರುವಾಗ ಅಕ್ಕನ ಮಂಡಿ ಕೈಕೊಟ್ಟಿತು. ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಸಾಲದ್ದಕ್ಕೆ ಅದೇ ತಿಂಗಳು ಆ ಕಟ್ಟಡದ ಮುದಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು, ಅದೂ ಪಾಸ್ಟರನ್ನು ಹೊಟ್ಟೆಯಲ್ಲಿಟ್ಟುಕೊಂಡು. ಎರಡು ಗಂಟೆ ಒಳಗೆ ಕೂತು ಹೊರಬಂದ ಅವರು, ಇನ್ನು ತಾವೂ ಹತ್ತುವುದಿಲ್ಲ, ಹೆಂಡತಿಯನ್ನೂ ಹತ್ತಿಸುವುದಿಲ್ಲ ಎಂದು ಶಪಥ ಮಾಡಿದರು. ಏಳು ತಿಂಗಳು ಅಕ್ಕ ನೆಲ ಮುಟ್ಟಲಿಲ್ಲ. ಬಾಲ್ಕನಿಯಿಂದ ಕೆಳಗಿನ ತರಕಾರಿ ಗಾಡಿ ನೋಡುತ್ತ, "ಒಂದು ಸಲ ನನ್ನ ಕೈಯಾರೆ ಟೊಮೆಟೊ ಆರಿಸಬೇಕು ಕಣೋ" ಎಂದು ತಮ್ಮನ ಹತ್ತಿರ ಹೇಳಿಕೊಂಡಳು. ಗಂಡ ತರುತ್ತಿದ್ದದ್ದು ಒಂದು ಕೊಳೆತದ್ದು, ಒಂದು ಕಾಯಿ. ಅಕ್ಕ ನಗುತ್ತಲೇ ಹೇಳಿದ್ದಳು.

ತೋರ್ಸಪ್ಪ ಕಟ್ಟಡದವರ ಬೆನ್ನು ಬಿದ್ದು ಆ ಲಿಫ್ಟಿನ ಕೆಲಸವನ್ನು ತಾನೇ ಹಿಡಿದ. ಎಂಟು ದಿನ ದುಡಿದ. ಹೊಸ ಉಕ್ಕಿನ ಹಗ್ಗ, ಹೊಸ ಬ್ರೇಕು. ಕೊನೆಗೆ ಮೇಸ್ತ್ರಿ ಕಲಿಸಿದ ಪರೀಕ್ಷೆ: ಲಿಫ್ಟಿನ ನೆಲದ ಮೇಲೆ ಅಂಚಿನತನಕ ತುಂಬಿದ ನೀರಿನ ಲೋಟ ಇಟ್ಟು, ತಾನೊಬ್ಬನೇ ಮೇಲಿಂದ ಕೆಳಗೆ ಬರಬೇಕು. ಒಂದು ಹನಿ ಚೆಲ್ಲಿದರೂ ಕೆಲಸ ಮೊದಲಿಂದ. ಹನಿಯೂ ಚೆಲ್ಲಲಿಲ್ಲ. ತೋರ್ಸಪ್ಪ ಮೀಸೆ ತಿರುವಿಕೊಂಡು ನಾಲ್ಕನೇ ಮಹಡಿಗೆ ಬಂದ.

"ಭಾವ, ಅಕ್ಕನ್ನ ಕರ್ಕೊಂಡು ಬನ್ನಿ. ಲಿಫ್ಟ್ ಕಲ್ಲುಗುಂಡಿನ ಹಾಗಿದೆ."

ಪಾಸ್ಟರು ಜಾಲರಿ ಬಾಗಿಲಿನಿಂದ ಎರಡು ಮಾರು ದೂರವೇ ನಿಂತರು. "ನೀರು ಚೆಲ್ಲಲಿಲ್ಲ ಅಂತ ಹೇಳೋದು ನೀನು. ನಾನೇನು ನೋಡಿದ್ನಾ? ತೋರ್ಸು ನೋಡೋಣ."

"ಅಯ್ಯೋ, ನನ್ನ ಮಾತು ನಂಬಿ ಭಾವ!"

ಬಾಯಿಂದ ಜಾರಿದ ಮೇಲೆ ತೋರ್ಸಪ್ಪ ನಾಲಿಗೆ ಕಚ್ಚಿಕೊಂಡ. ಮೂವತ್ತು ವರ್ಷ ಕಾದಿದ್ದ ಪಾಸ್ಟರು ಬಿಡುತ್ತಾರೆಯೇ? ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಳಿದ್ಯೇನೇ! ನಿನ್ನ ತಮ್ಮ ನಂಬಿ ಅಂತಿದ್ದಾನೆ!"

ತೋರ್ಸಪ್ಪನಿಗೆ ರೇಗಿತು. ಲೋಟವನ್ನು ಮತ್ತೆ ತುಂಬಿಸಿ ತಂದು ಲಿಫ್ಟಿನೊಳಗೆ ಇಟ್ಟ. "ನಂಬಿಕೆಯ ಗುತ್ತಿಗೆ ಹಿಡಿದವರು ನೀವಲ್ವಾ? ಕಾಣದ್ದನ್ನ ನಂಬ್ತೀರಿ, ಕಣ್ಣೆದುರಿಗಿರೋ ಹಗ್ಗ ನಂಬಲ್ವಾ? ಹತ್ತಿ ಮತ್ತೆ!"

"ದೇವರನ್ನ ಪರೀಕ್ಷೆ ಮಾಡಬಾರದು ಕಣಯ್ಯ."

"ದೇವರನ್ನ ಯಾರು ಕೇಳಿದ್ರು? ಇದನ್ನ ರಿಪೇರಿ ಮಾಡಿದ್ದು ನಾನು!"

"ಅದೇ ನನ್ನ ಭಯ. ದೇವರು ರಿಪೇರಿ ಮಾಡಿದ್ರೆ ಹತ್ತುತ್ತಿದ್ದೆ."

"ಹಂಗಾದ್ರೆ ನಿಮ್ಮದು ನಂಬಿಕೆ ಅಲ್ಲ ಭಾವ, ಬರೀ..."

ಜಾಲರಿ ಬಾಗಿಲು ಕರಕರ ಎಳೆದ ಸದ್ದಾಯಿತು. ಇಬ್ಬರೂ ತಿರುಗಿ ನೋಡಿದರೆ ಅಕ್ಕ ಲಿಫ್ಟಿನೊಳಗಿದ್ದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತರಕಾರಿ ಚೀಲ. "ನೀವು ತೀರ್ಮಾನ ಮಾಡ್ಕೊಂಡು ಬನ್ನಿ. ಅಷ್ಟರಲ್ಲಿ ಗಾಡಿಯವನು ಹೊರಟುಹೋಗ್ತಾನೆ" ಎಂದು ಗುಂಡಿ ಒತ್ತಿಯೇಬಿಟ್ಟಳು. ಲಿಫ್ಟು ಕೆಳಗಿಳಿಯಿತು.

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಮೆಟ್ಟಿಲಿಳಿದು ಓಡಿದರು. ಮೂರನೇ ಮಹಡಿಯ ತಿರುವಿನಲ್ಲಿ ಪಾಸ್ಟರು ಏದುಸಿರು ಬಿಡುತ್ತ, "ನೀನ್ಯಾಕಯ್ಯಾ ಓಡ್ತಿದ್ದೀಯ? ನಿಂಗೆ ಖಾತ್ರಿ ಇದೆಯಲ್ಲ?" ಎಂದರು.

"ನೀವ್ಯಾಕೆ ಓಡ್ತಿದ್ದೀರಿ? ನಿಮಗೆ ನಂಬಿಕೆ ಇದೆಯಲ್ಲ?"

ಇಬ್ಬರೂ ಮತ್ತೆ ಓಡಿದರು. ತೋರ್ಸಪ್ಪ ಮನಸ್ಸಿನಲ್ಲೇ ಒಂದೊಂದು ನಟ್ಟನ್ನೂ ಮತ್ತೆ ಬಿಗಿಯುತ್ತಿದ್ದ. ಎಲ್ಲವನ್ನೂ ಅಲ್ಲಾಡಿಸಿ ನೋಡಿದ್ದ, ನಿಜ. ಆದರೆ ಒಳಗಿರುವುದು ಅಕ್ಕ! ಒಂದೇ ಒಂದನ್ನು ಮರೆತಿದ್ದರೆ? ಅವನಿಗೆ ಅಳು ಬರುವಷ್ಟು ಹೆದರಿಕೆಯಾಯಿತು.

ಕೆಳಗೆ ತಲುಪಿದಾಗ ಲಿಫ್ಟು ಬಂದು ನಿಂತಿತ್ತು, ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಇದ್ದದ್ದು ಒಂದು ಖಾಲಿ ಲೋಟ. ಪಾಸ್ಟರು ಬಾಗಿಲಲ್ಲೇ ಗರಬಡಿದವರಂತೆ ನಿಂತರು. ತೋರ್ಸಪ್ಪ ಒಳಗೆ ನುಗ್ಗಿ ನೆಲವನ್ನು ಅಂಗೈಯಿಂದ ಸವರಿದ. ಒಣಗಿತ್ತು.

"ಅಕ್ಕಾ! ನೀರು ಏನಾಯ್ತೇ?"

"ಕುಡಿದೆ ಕಣೋ, ಬಾಯಾರಿತ್ತು" ಎಂಬ ದನಿ ಬೀದಿಯಿಂದ ಬಂತು.

"ಕುಡಿಯೋಕೆ ಮುಂಚೆ ಚೆಲ್ಲಿತ್ತಾ, ಇಲ್ವಾ?"

"ನಾನು ಬಂದು ನಿಂತಿದ್ದೀನಲ್ಲೋ ಕೋಡಂಗಿ! ಹೆಂಗಸರ ಮಾತು ಮೊದಲು ನಂಬಲ್ಲ, ಆಮೇಲೆ ಇಬ್ಬಿಬ್ಬರು ಓಡೋಡಿ ಬರ್ತೀರಿ."

ಪಾಸ್ಟರು ಭಾಮೈದನ ತೋಳು ಹಿಡಿದುಕೊಂಡು ಬೀದಿಗಿಳಿದರು.

ಅಕ್ಕ ಗಾಡಿಯ ಪಕ್ಕ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ಮೇಲೆ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು.

"ಎಲ್ಲಾ ಈಗ ತಾನೇ ಬಂದಿರೋ ಮಾಲು ಅಮ್ಮಾ. ನನ್ನನ್ನ ನಂಬಿ ತಗೊಳ್ಳಿ" ಎಂದ ಗಾಡಿಯವನು.

"ನಂಬದೆ ಏನಪ್ಪಾ, ನಂಬಿದ್ದೀನಿ" ಎಂದಳು ಅಕ್ಕ. ಚೀಲವನ್ನು ಗಂಡನ ಕೈಗೂ ಊರುಗೋಲನ್ನು ತಮ್ಮನ ಕೈಗೂ ಕೊಟ್ಟು, ಟೊಮೆಟೊಗಳನ್ನು ಒಂದೊಂದಾಗಿ ಎತ್ತಿ, ಅದುಮಿ, ತಿರುಗಿಸಿ ನೋಡತೊಡಗಿದಳು.